ರಾಶಿ ಅಳೆಯುವಾಗ ದಫೇದಾರ ಹೂವಪ್ಪ

ದಫೇದಾರ ಹೂವಪ್ಪನ ಸೈನಿಕ ಜೀವನವೆಂದರೆ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಅನ್ನ ಬೇಯಿಸಿದ್ದು. ಆಮೇಲೆ ಪೊಲೀಸು ಸೇರಿ, ಹೊಸನಗರದ ಕಡೆ ಕೋಳಿ ಅಂಕದವರನ್ನು ಓಡಿಸುತ್ತ ನಿವೃತ್ತಿಯ ಹತ್ತಿರ ಬಂದಿದ್ದ. ಅಂಥವನ ಪಾಲಿಗೆ ಅರವತ್ಮೂರರ ಸುಗ್ಗಿಯಲ್ಲಿ ಒಂದು ದಂಗೆ ಬಂತು.

ಗದ್ದೆಯ ಒಡೆಯರಾದ ಗಣೇಶಮೂರ್ತಿಯವರು, ಗೇಣಿದಾರರೆಲ್ಲ ಬರೀ ಕೂಲಿಗಳು, ಬೆಳೆ ಪೂರ್ತಿ ತಮ್ಮದೇ ಎಂದು ಜಪ್ತಿ ಆದೇಶ ತಂದಿದ್ದರು. ತಲೆಮಾರಿನಿಂದ ಉತ್ತವರು ಕಣ ಬಿಟ್ಟು ಏಳಲಿಲ್ಲ. ಸಂಜೆಯೊಳಗೆ ಭತ್ತ ಒಡೆಯರ ಕಣಜ ಸೇರದಿದ್ದರೆ ಕೆಲಸ ಹೋಯಿತೆಂದು ತಿಳಿ, ಎಂದು ಹೂವಪ್ಪನಿಗೆ ಮೇಲಿನವರ ಅಪ್ಪಣೆಯಾಯಿತು.

ಪಂಚನಾಮೆಗೆ ಸಾಕ್ಷಿ ಬೇಕೆಂದು ನನ್ನನ್ನೂ ಎಳೆದುಕೊಂಡು ಹೊರಟ. ನಾನು ಹೈಸ್ಕೂಲಿನ ಚರಿತ್ರೆ ಮೇಷ್ಟ್ರು. ಅವನಿಗೆ ಧೈರ್ಯ ತುಂಬಲು ನನಗೆ ಗೊತ್ತಿದ್ದ ಒಂದೇ ದಂಗೆಯ ಕಥೆ ಹೇಳಿದೆ: ರೋಮಿನ ಗುಲಾಮರು ಬೆಟ್ಟ ಹತ್ತಿದ್ದು, ಅಧಿಕಾರಿಯೊಬ್ಬ ಅಲ್ಲಿದ್ದ ಒಂದೇ ದಾರಿ ಕಾದು ಕೂತದ್ದು, ಅವರು ಕಾಡುಬಳ್ಳಿ ಹೊಸೆದು ಹಿಂದಿನಿಂದ ಇಳಿದು ಅವನ ಬಿಡಾರವನ್ನೇ ಹಿಡಿದದ್ದು.

"ಆಮೇಲೆ ಆ ಸಾಹೇಬ್ರಿಗೆ ಪಿಂಚಣಿ ಸಿಕ್ತಾ ಮೇಷ್ಟ್ರೇ?"

"ಪುಸ್ತಕದಲ್ಲಿಲ್ಲ."

"ಮುಖ್ಯವಾದ್ದೇ ಬರೆಯಲ್ಲ ನೋಡಿ ನೀವು."

ಕಣದಲ್ಲಿ ರಾಶಿ ಸಿದ್ಧವಾಗಿತ್ತು. ಮುಂದೆ ಹೆಂಗಸರು, ಹಿಂದೆ ಕತ್ತಿ ಹಿಡಿದ ಗಂಡಸರು. ನಡುವೆ ಕೊಳಗ ಹಿಡಿದ ಮಾಸ್ತಮ್ಮ, ಗೇಣಿದಾರರಲ್ಲೆಲ್ಲ ಹಿರಿಯಳು.

"ಏನೋ ಹೂವಪ್ಪ, ನಿಮ್ಮಪ್ಪನೂ ಗೇಣಿ ಮಾಡೇ ನಿನ್ನ ಸಾಕಿದ್ದಲ್ವಾ? ಹೊಡಿ, ಮೊದ್ಲು ನಂಗೆ ಹೊಡಿ!"

"ಏಳಮ್ಮಾ, ನನ್ನ ಕೆಲ್ಸ ಹೋಗತ್ತೆ."

"ನಮ್ಮ ಕೂಳು ಹೋಗತ್ತಲ್ಲ!"

"ಎಂತ ನೋಡ್ತಾ ನಿಂತಿದೀಯ? ನುಗ್ಸು!" ಗಣೇಶಮೂರ್ತಿ ಗದರಿದರು.

ಹೂವಪ್ಪ ಕೈಯೆತ್ತಿದ. ಪೇದೆಗಳ ಲಾಠಿ ಮೇಲೆದ್ದವು. ಹಿಂದೆ ಕತ್ತಿಗಳೂ ಎದ್ದವು. ಸಾಕ್ಷಿಯಾದವನಿಗೆ ದೂರದ ನೋಟವೇ ಒಳ್ಳೆಯದೆಂದು ನಾನು ಹುಲ್ಲಿನ ಬಣವೆಯ ಹಿಂದೆ ಸರಿದೆ.

ಆಗ ಮಾಸ್ತಮ್ಮ ಬಗ್ಗಿ ಕೊಳಗ ತುಂಬಿದಳು. "ಲಾಭ!" ಎಂದಳು.

ಮೊದಲ ಕೊಳಗವನ್ನು ಎಣಿಸುವುದೇ ಹಾಗೆ. ಅದಾದ ಮೇಲೆ ರಾಶಿ ಮುಗಿಯುವವರೆಗೆ ಅಳೆಯುವವರ ಹೊರತು ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಸಿರಿ ಗದ್ದೆ ಬಿಟ್ಟು ಹೋಗುತ್ತದೆ. ಹೊಡೆಯಿರಿ ಎನ್ನಲು ತೆರೆದ ಹೂವಪ್ಪನ ಬಾಯಿ ಹಾಗೇ ಮುಚ್ಚಿತು; ಅವನ ಬಾಯಿಂದ ಆದೇಶ ಬಾರದೆ ಪೇದೆಗಳು ಕದಲುವಂತಿಲ್ಲ. ಬೂಟು ಮೆಟ್ಟಿ ಕಣದಲ್ಲಿ ನಿಂತದ್ದು ನೆನಪಾಗಿ, ಮೆಲ್ಲಗೆ ಬಿಚ್ಚಿದ. ಪೇದೆಗಳೂ ಬಿಚ್ಚಿದರು.

"ಎರಡು!"

ಒಡೆಯರಿಗೊಂದು ಕೊಳಗ, ತಮಗೊಂದು. ಪ್ರತಿ ವರ್ಷ ಅದೇ ರಾಶಿಗೆ ಪೂಜೆ ಮಾಡುವ ಗಣೇಶಮೂರ್ತಿ ಕೆಂಪಗಾಗಿ ಲಾಠಿಯತ್ತ, ಭತ್ತದತ್ತ, ಆಕಾಶದತ್ತ ಕೈ ತೋರಿಸಿದರು. ಮಾತಾಡಿದರೆ ಹಾಳಾಗುವುದು ಅವರದೇ ಗದ್ದೆ. ಹೂವಪ್ಪನ ಕುತ್ತಿಗೆಯ ನರ ಉಬ್ಬಿತ್ತು. ಒಂದು ಮಾತಾಡಿದ್ದರೆ ಕೆಲಸ ಉಳಿಯುತ್ತಿತ್ತು. ಕೈ ಸೋತು ಲಾಠಿಗಳು ಒಂದೊಂದಾಗಿ ಇಳಿದವು. ಹೊಟ್ಟಿನ ಧೂಳಿಗೆ ನನಗೆ ಸೀನು ಬಂತು. ಮೂಗು ಹಿಡಿದು ಕೂತೆ. ಆ ದಂಗೆಗೆ ನಾನು ಸಲ್ಲಿಸಿದ ಸೇವೆ ಅಷ್ಟೇ.

ರಾಶಿ ಮುಗಿಯುವಷ್ಟರಲ್ಲಿ ಗೇಣಿದಾರರ ಪಾಲು ತಲೆಹೊರೆಯಲ್ಲಿ ಗದ್ದೆ ದಾಟಿತ್ತು.

"ಹೋಯ್ತಲ್ಲೋ!" ಎಂದರು ಗಣೇಶಮೂರ್ತಿ.

"ಹೋಯ್ತು ಅಯ್ಯಾ."

ವಿಚಾರಣೆಗೆ ಬಂದ ದೊಡ್ಡ ಸಾಹೇಬರು ಬಯಲುಸೀಮೆಯ ಪೇಟೆಯವರು. ಹೂವಪ್ಪ ಆದೇಶ ಕೊಡಲಿಲ್ಲವೇಕೆಂದು ಅವರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕೊನೆಗೆ ದೂರು ಕೊಟ್ಟವರತ್ತಲೇ ತಿರುಗಿದರು: "ನೀವಾದರೂ ಕೂಗಬಹುದಿತ್ತಲ್ಲ?"

ಗಣೇಶಮೂರ್ತಿ ಬೆಚ್ಚಿಬಿದ್ದರು. "ರಾಶಿ ಅಳೆಯುವಾಗ ಮಾತಾಡೋದುಂಟಾ ಸ್ವಾಮಿ!"

ಕೆಲಸ ಉಳಿಯಿತು, ತೋಳಿನ ಪಟ್ಟಿ ಹೋಯಿತು. ಬರೀ ಪೇದೆಯಾಗಿ ತೀರ್ಥಹಳ್ಳಿಯ ಸಂತೆಯಲ್ಲಿ ಎತ್ತಿನ ಗಾಡಿಗಳಿಗೆ ದಾರಿ ತೋರಿಸುತ್ತ ನಿಂತಿದ್ದ ಹೂವಪ್ಪನನ್ನು ಮುಂದೊಮ್ಮೆ ಕಂಡೆ. ಗಂಟಲು ಹರಿಯುವಂತೆ ಕೂಗುತ್ತಿದ್ದ. ಒಬ್ಬ ಗಾಡಿಯವನೂ ಕೇಳುತ್ತಿರಲಿಲ್ಲ.