ನೀರಿನಣ್ಣನ ಕಿವಿ, ನನ್ನ ಏಳನೇ ಪ್ಯಾರಾ

ಅವರ ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವ ಕಡೆ, ಎಂಟಾಣೆ ಅಗಲದ ಒಂದು ಕಂದು ಕಲೆ ಇತ್ತು. ಹುಟ್ಟುಮಚ್ಚೆ ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ತುಕ್ಕು. ಮೂವತ್ತು ವರ್ಷ ಒಂದೇ ಕಬ್ಬಿಣದ ಸಲಾಕೆಯನ್ನು ಒಂದೇ ಜಾಗಕ್ಕೆ ಒತ್ತಿ ಹಿಡಿದರೆ ಚರ್ಮ ಗಟ್ಟಿಯಾಗಿ, ಎಷ್ಟು ಸೋಪು ಹಾಕಿದರೂ ಹೋಗದ ಬಣ್ಣ ಕೂತುಬಿಡುತ್ತದೆ. ಸಲಾಕೆಯ ಇನ್ನೊಂದು ತುದಿ ರಸ್ತೆಯ ಮೇಲೆ, ಅದರ ಕೆಳಗೆ ಪೈಪು. ಆ ಪೈಪಿನಲ್ಲಿ ನೀರು ಓಡುತ್ತಿದೆಯೋ, ಸೋರುತ್ತಿದೆಯೋ, ಯಾರಾದರೂ ಕದ್ದು ಮೋಟರ್ ಹಾಕಿ ಎಳೆಯುತ್ತಿದ್ದಾರೋ, ಎಲ್ಲವೂ ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು.

ಕೆಂಗೇರಿ ಉಪನಗರದ ನಮ್ಮ ಭಾಗಕ್ಕೆ ನೀರು ಬಿಡುತ್ತಿದ್ದವರು ಅವರು. ನೀರು ಸರಬರಾಜು ಆಫೀಸಿನ ಕಾಗದದಲ್ಲಿ ಗುತ್ತಿಗೆ ವಾಲ್ವ್‌ಮನ್, ನಮಗೆಲ್ಲ ನೀರಿನಣ್ಣ. ಊರು ಮಾಗಡಿ ಕಡೆ. ಹಳೆಯ ಸೈಕಲ್ಲಿನ ನಡುಕಂಬಿಗೆ ಆಳುದ್ದದ ವಾಲ್ವ್ ಕೀ ಕಟ್ಟಿಕೊಂಡು ಬೆಳಿಗ್ಗೆ ಬರುವರು. ಗುಂಡಿಯ ಮುಚ್ಚಳ ಸರಿಸಿ, ಕೀ ಇಳಿಸಿ, ಒಂದೊಂದೇ ಸುತ್ತನ್ನು ಬಾಯಿಬಿಟ್ಟು ಎಣಿಸುತ್ತ ತಿರುಗಿಸುವರು. ಒಂದು ಬೀದಿಗೆ ಹದಿನಾಲ್ಕು ಸುತ್ತಾದರೆ ಇನ್ನೊಂದಕ್ಕೆ ಒಂಬತ್ತು. ಎಣಿಸುವಾಗ ಯಾರು ಮಾತಾಡಿಸಿದರೂ ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಪರಿಚಯವಾದದ್ದು ಜಗಳದಲ್ಲಿ. ನನಗೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಮನವಿ, ತಕರಾರು, ಏನು ಬೇಕಾದರೂ ಕನ್ನಡದಲ್ಲಿ ಬರೆದು ಟೈಪ್ ಮಾಡಿಕೊಡುತ್ತೇನೆ. ಅಂಗಡಿ ಇಟ್ಟ ಹೊಸದರಲ್ಲಿ ಒಂದು ದಿನ ಮನೆಗೆ ನೀರು ಬರಲಿಲ್ಲವೆಂದು ನಡುರಸ್ತೆಯಲ್ಲಿ ನಿಂತು ಅವರಿಗೆ ಬಾಯಿಗೆ ಬಂದಂತೆ ಅಂದಿದ್ದೆ. ಅವರು ನನ್ನ ಗೇಟಿನ ಮುಂದೆ ಸಲಾಕೆ ಊರಿ, ಕಿವಿ ಕೊಟ್ಟು, "ನೀರು ಬಂದೈತೆ ತಾಯಿ. ನಿಮ್ಮ ಸಂಪಿನ ಬಾಲ್ ಕಾಕ್ ಕಚ್ಚಿಕೊಂಡೈತೆ, ಹೋಗಿ ನೋಡಿ" ಎಂದರು. ಹೋಗಿ ನೋಡಿದೆ. ತೇಲುವ ಚೆಂಡು ಸಿಕ್ಕಿಕೊಂಡು ಸಂಪಿನ ನಲ್ಲಿ ಮುಚ್ಚೇ ಇತ್ತು. ನನ್ನ ಮುಖ ಹೇಗಾಗಿರಬೇಡ. ಅವತ್ತಿನಿಂದ ಅವರ ಗುತ್ತಿಗೆ ನವೀಕರಣದ ಅರ್ಜಿಯನ್ನು ಪ್ರತಿ ವರ್ಷ ನಾನೇ ಟೈಪ್ ಮಾಡುತ್ತಿದ್ದೆ. "ನೀವು" ಹೋಗಿ "ನೀನು ಕಣವ್ವ" ಆಯಿತು.

ಅವರದೊಂದು ಕಟ್ಟಳೆ ಇತ್ತು. ಯಾರ ಮನೆಯಲ್ಲಾದರೂ ಸಾವಾದರೆ ಆ ಬೀದಿಗೆ ಅವತ್ತು ಸರದಿ ಇರಲಿ, ಇಲ್ಲದಿರಲಿ, ನೀರು ಬಿಡುವರು. ನಮ್ಮಲ್ಲಿ ದಿನ ಬಿಟ್ಟು ದಿನ ನೀರು. ಸಾವು ಆ ಲೆಕ್ಕ ನೋಡಿ ಬರುವುದಿಲ್ಲವಲ್ಲ. ಹಾಗಾಗಿ ನಮ್ಮ ಕಡೆ ಸತ್ತ ಮನೆಯವರು ಮೊದಲು ನೀರಿನಣ್ಣನಿಗೆ ಫೋನ್ ಮಾಡಿ, ಆಮೇಲೆ ನೆಂಟರಿಗೆ ಮಾಡುತ್ತಿದ್ದರು. ನನ್ನ ಅಮ್ಮ ಹೋದಾಗ ನಾನೂ ಹಾಗೇ ಮಾಡಿದೆ. ಯಾರೆಂದು ಹೇಳುವ ಮೊದಲೇ ಅತ್ತುಬಿಟ್ಟೆ. ಆ ಕಡೆಯಿಂದ ಅವರು ಕೇಳಿದ್ದು ಒಂದೇ: "ಯಾವ ಬೀದಿ?" ಅರ್ಧ ಗಂಟೆಗೆ ನಮ್ಮ ನಲ್ಲಿಯಲ್ಲಿ ನೀರು. ಆಮೇಲೆ ಕಾಂಪೌಂಡಿನ ಹೊರಗೇ ಸೈಕಲ್ ಹಿಡಿದು, ಅಮ್ಮನನ್ನು ಎತ್ತುವವರೆಗೂ ನಿಂತಿದ್ದರು. ಆಫೀಸಿನಲ್ಲಿ ಬೈಯುವುದಿಲ್ಲವೇ ಎಂದು ಮುಂದೆ ಯಾವಾಗಲೋ ಕೇಳಿದ್ದಕ್ಕೆ, "ಬೈತಾರೆ. ಮಿಂದು ಹೋಗೋರನ್ನ ಕಾಯ್ಸಕ್ಕಾಗ್ತದಾ ಕಣವ್ವ?" ಎಂದಿದ್ದರು.

ಇಷ್ಟು ಹೇಳಿ, ಇನ್ನು ಹೇಳಲು ನಾಚಿಕೆಯಾಗುವ ಭಾಗಕ್ಕೆ ಬರುತ್ತೇನೆ.

ನಮ್ಮ ಬಡಾವಣೆಯ ಅಂಚಿನಲ್ಲಿ ಒಂದು ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ಜಾಗದ ಸುತ್ತ ನೀಲಿ ತಗಡು ಎದ್ದಿತು. ಒಂದು ಬೆಳಿಗ್ಗೆ ಲೈಟ್ ಕಂಬಗಳ ಮೇಲೆ ನೋಟಿಸ್ ಅಂಟಿಸಿದ್ದರು: ಅಲ್ಲಿ ದೊಡ್ಡದೊಂದು ಡೇಟಾ ಸೆಂಟರ್ ಕಟ್ಟುವ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಅದೇ ಮಾತು. ಸೈಟ್ ಮಾರಾಟ ಮಾಡಿಸುವವರು ಎದೆಯುಬ್ಬಿಸಿ ಓಡಾಡಿದರು. ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು, "ಇನ್ಮೇಲೆ ಕೆಂಗೇರಿ ಅಂದ್ರೆ ಮೂಗು ಮುರಿಯೋರು ಯಾರೂ ಇರಲ್ಲ ನೋಡಿ ಮೇಡಂ" ಎಂದರು. ಪಿಜಿ ನಡೆಸುವ ಆಂಟಿ ಇನ್ನೊಂದು ಮಹಡಿ ಎತ್ತುವ ಅರ್ಜಿ ಟೈಪ್ ಮಾಡಿಸಿದರು. ಗದಗದಿಂದ ಬಂದು ಊಟ ತಲುಪಿಸುವ ಹುಡುಗನೊಬ್ಬ ಬಯೋಡೇಟಾದ ಹತ್ತು ಕಾಪಿ ತೆಗೆಸಿಕೊಂಡು, "ಅಲ್ಲಿ ನಮ್ಮಂಥೋರಿಗೂ ಕೆಲ್ಸ ಇರತೈತೇನ್ರೀ ಅಕ್ಕಾರ?" ಎಂದು ಕೇಳಿದ.

ನೀರಿನಣ್ಣ ಎರಡು ದಿನ ಬಿಟ್ಟು ಬಂದರು. ನೋಟಿಸನ್ನು ಓದಿ ಹೇಳು ಎಂದರು. ಓದಿದೆ.

"ಅದ್ರೊಳಗೆ ಏನು ಮಾಡ್ತಾರವ್ವ?"

"ಏನೂ ಮಾಡಲ್ಲ ಅಣ್ಣ. ನಮ್ಮ ಫೋನಲ್ಲಿರೋ ಫೋಟೋ, ವಿಡಿಯೋ, ಬ್ಯಾಂಕಿನ ವಿಷಯ ಎಲ್ಲಾ ದೊಡ್ಡ ದೊಡ್ಡ ಮಿಷಿನ್‌ಗಳಲ್ಲಿ ಇಟ್ಟಿರ್ತಾರೆ. ಮಿಷಿನ್ ಬಿಸಿ ಆಗತ್ತೆ, ತಣ್ಣಗೆ ಇಡ್ಬೇಕು."

"ಯಾತ್ರಲ್ಲಿ ತಣ್ಣಗಿಡ್ತಾರೆ?"

ನಾನು ಉತ್ತರ ಕೊಡುವ ಮೊದಲೇ ಅವರಿಗೆ ಅರ್ಥವಾಗಿತ್ತು. ಸ್ಟೂಲಿನ ಮೇಲೆ ಕೂತು ಕಲೆಯನ್ನು ಉಜ್ಜಿಕೊಳ್ಳತೊಡಗಿದರು. ನೋಟಿಸಿನಲ್ಲಿ ನೀರಿನ ಬಗ್ಗೆ ಒಂದೇ ಸಾಲು: ಮುಖ್ಯರಸ್ತೆಯಿಂದ ಹೊಸ ಪೈಪು ಹಾಕಿಕೊಳ್ಳಲಾಗುವುದು.

ಆಗ ಅವರು ಒಂದು ವಿಷಯ ಹೇಳಿದರು. ಆ ಫ್ಯಾಕ್ಟರಿಗೆ ಹಿಂದೆ ಒಂದು ದಪ್ಪ ಪೈಪು ನೇರವಾಗಿ ಹೋಗುತ್ತಿತ್ತು. ಫ್ಯಾಕ್ಟರಿ ಮುಚ್ಚಿದ ಮೇಲೂ ನೀರು ಅಲ್ಲಿಗೇ ಹೋಗಿ ಒಡೆದ ತೊಟ್ಟಿಯಿಂದ ಸುಮ್ಮನೆ ಹರಿದುಹೋಗುತ್ತಿತ್ತು. ಏರಿನ ಮೇಲಿರುವ ಕೊನೆಯ ನಾಲ್ಕು ಬೀದಿಗಳಲ್ಲಿ ಆಗ ಮನೆಗೆ ಎರಡು ಬಿಂದಿಗೆ ಸಿಕ್ಕರೆ ಹೆಚ್ಚು. ನೀರಿನಣ್ಣನ ಮನೆಯೂ ಅಲ್ಲೇ, ಮೂರನೇ ಬೀದಿಯಲ್ಲಿ. ಅವರು ಯಾರನ್ನೂ ಕೇಳದೆ ಫ್ಯಾಕ್ಟರಿ ಕಡೆಯ ವಾಲ್ವ್ ಮುಚ್ಚಿದರು. ನೀರು ಏರು ಹತ್ತಿತು. ಆಮೇಲೆ ರಸ್ತೆಗೆ ಟಾರು ಬಿತ್ತು, ವಾಲ್ವ್ ಗುಂಡಿ ಅದರಡಿ ಸೇರಿತು. ಆಫೀಸಿನ ಹಳಬರು ನಿವೃತ್ತರಾದರು, ನಕ್ಷೆ ಎಲ್ಲಿ ಹೋಯಿತೋ. ಆ ಪೈಪು ಇದೆ ಎಂಬುದೇ ಅವರೊಬ್ಬರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

"ಹೊಸ ಪೈಪು ಹಾಕ್ಕೊಳ್ಳೋಕೆ ಅವ್ರಿಗೆ ಎರಡು ವರ್ಸ ಆಗ್ತದೆ. ರೋಡ್ ಅಗೀಬೇಕು, ಜನ ಗಲಾಟೆ ಮಾಡ್ತಾರೆ. ಅಷ್ಟರಲ್ಲಿ ಏನಾದ್ರೂ ದಾರಿ ಆಗ್ತದೆ. ಹಳೇದು ಗೊತ್ತಾದ್ರೆ ಮಾತ್ರ ಆ ನಾಲ್ಕು ಬೀದಿ ಕತೆ ಮುಗೀತು. ಇದು ನಿನ್ನ ಕಿವಿಲಿರಲಿ. ಕಾಗದಕ್ಕೆ ಬ್ಯಾಡ."

ಆಯ್ತು ಅಂದೆ. ಆದರೆ ಇಪ್ಪತ್ತು ವರ್ಷ ಅರ್ಜಿ ಬರೆದವಳ ಕೊಬ್ಬು ಎಂಬುದೊಂದು ಇರುತ್ತದೆ. ಆಧಾರವಿಲ್ಲದ ಅರ್ಜಿ ಕಸದ ಬುಟ್ಟಿಗೆ ಎಂದು ಬಂದವರಿಗೆಲ್ಲ ಪಾಠ ಹೇಳುವವಳು ನಾನು. ರಸ್ತೆ ಅಗೆಯುತ್ತಾರೆಂದು ಜನ ಹಿಡಿದ ಹಟಕ್ಕೆ ಸಂಘದ ಪರವಾಗಿ ಆಕ್ಷೇಪಣೆ ಬರೆಯಲು ಕೂತಾಗ ಆರು ಪ್ಯಾರಾ ಆಯಿತು. ಓದಿದರೆ ಸಪ್ಪೆ. ಶಬ್ದ, ಶಾಖ, ಕರೆಂಟು, ಇವನ್ನೆಲ್ಲ ಯಾರು ಬೇಕಾದರೂ ಬರೆಯುತ್ತಾರೆ. ಏಳನೇ ಪ್ಯಾರಾ ನಾನಾಗಿಯೇ ಸೇರಿಸಿದೆ: ಸದರಿ ಜಾಗಕ್ಕೆ ಈಗಾಗಲೇ ಹಳೆಯ ಪ್ರತ್ಯೇಕ ಕೊಳವೆ ಮಾರ್ಗವಿದ್ದು, ಅದನ್ನು ಮುಚ್ಚಿರುವುದರಿಂದಲೇ ನಾಲ್ಕು ಬೀದಿಗಳ ಜನ ನೀರು ಕಾಣುತ್ತಿದ್ದಾರೆ, ಅದನ್ನು ಯಾವ ಕಾರಣಕ್ಕೂ ಮತ್ತೆ ತೆರೆಯಕೂಡದು. ಬರೆದು ನನಗೆ ನಾನೇ ಶಹಬಾಸ್ ಹೇಳಿಕೊಂಡೆ. ಅಧ್ಯಕ್ಷರು ಓದದೆಯೇ ಸಹಿ ಹಾಕಿದರು. ಅವರು ಯಾವತ್ತೂ ಓದುವುದಿಲ್ಲ.

ಅಹವಾಲು ಸಭೆ ಸಮುದಾಯ ಭವನದಲ್ಲಿ ನಡೆಯಿತು. ಉಪ್ಪಿಟ್ಟು, ಕೇಸರಿಬಾತ್ ಇತ್ತು. ಜನ ತುಂಬಿದ್ದರು. ಎಲ್ಲರ ಸಿಟ್ಟೂ ಒಂದರ ಮೇಲೆಯೇ, ರಸ್ತೆ ಅಗೆಯುವುದು. ಮೆಟ್ರೋ ಕಾಲದಲ್ಲಿ ಕುಡಿದ ಧೂಳು ಇನ್ನೂ ಎದೆಯಲ್ಲಿತ್ತು. ಒಬ್ಬರಾದ ಮೇಲೊಬ್ಬರು ಎದ್ದು ಅದನ್ನೇ ಅಂದರು. ಕೊನೆಗೆ ಕಂಪನಿಯ ಎಂಜಿನಿಯರ್ ಎದ್ದರು. ಮೃದು ಮಾತಿನ, ಚೆಂದದ ಕನ್ನಡದ ಮನುಷ್ಯ. ನಾಗರಿಕರ ಸಹಕಾರಕ್ಕೆ ಕೈಮುಗಿದು ಹೇಳಿದರು: "ನಿಮ್ಮ ಸಂಘದ ಆಕ್ಷೇಪಣೆಯ ಏಳನೇ ಪ್ಯಾರಾದಿಂದ ನಮಗೆ ತುಂಬಾ ಉಪಕಾರ ಆಯ್ತು. ಹಳೇ ಲೈನ್ ಇರೋದು ನಮಗೆ ಗೊತ್ತೇ ಇರಲಿಲ್ಲ. ಅದನ್ನೇ ಉಪಯೋಗಿಸಿದ್ರೆ ಒಂದಡಿ ರಸ್ತೇನೂ ಅಗೆಯೋ ಅಗತ್ಯ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ಏರಿನ ನಾಲ್ಕು ಬೀದಿಯವರೂ ತಟ್ಟಿದರು. ಎಂಜಿನಿಯರ್ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಅಗೆಯುವುದಿಲ್ಲ ಎಂಬುದೊಂದೇ.

ನಾನು ಹಿಂದಕ್ಕೆ ತಿರುಗಿ ನೋಡಿದೆ. ನೀರಿನಣ್ಣ ಬಾಗಿಲ ಹತ್ತಿರ ನಿಂತಿದ್ದರು. ಉಪ್ಪಿಟ್ಟಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದರು.

ವಾರದೊಳಗೆ ಆಫೀಸಿನಿಂದ ನೀರಿನಣ್ಣನಿಗೆ ಆದೇಶ ಬಂತು: ವಾಲ್ವ್ ತೋರಿಸಿ. ನನ್ನ ಅಂಗಡಿಯ ಎದುರೇ, ಗಣೇಶನನ್ನು ಕೂರಿಸುವ ಜಾಗದ ಪಕ್ಕದಲ್ಲೇ ಅದಿತ್ತು. ಟಾರಿನ ಮೇಲೆ ಅವರು ಮಂಡಿಯೂರಿ ಸಲಾಕೆ ಇಟ್ಟು ಕಿವಿ ಕೊಟ್ಟಾಗ ನಾನು ಜೆರಾಕ್ಸ್ ಮಿಷಿನ್ನಿನ ಹಿಂದೆ ನಿಂತಿದ್ದೆ. ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಹಾಕಿದರು. ಟಾರು ಒಡೆದರು, ಮುಚ್ಚಳ ಸಿಕ್ಕಿತು. ತಾವೇ ಮುಚ್ಚಿದ್ದ ವಾಲ್ವನ್ನು ತಾವೇ ತೆರೆದರು. ಅವತ್ತು ಮಾತ್ರ ಅವರು ಸುತ್ತು ಎಣಿಸುವುದು ಕೇಳಿಸಲಿಲ್ಲ.

ಮಧ್ಯಾಹ್ನ ಅಂಗಡಿಗೆ ಬಂದರು. ನಾನು ಸ್ಟೂಲು ಸರಿಸಿದೆ. ಅವರೇ ಹೇಳಿದರು: "ತೋರಿಸ್ದೆ ಇದ್ದಿದ್ರೆ ಎಲ್ಲಾ ಕಡೆ ಒಡೆದು ಹುಡುಕೋರು. ಬೇರೆ ಪೈಪೂ ಹೋಗೋದು. ಅದಕ್ಕೇ ತೋರಿಸ್ದೆ."

"ಅಣ್ಣ, ನಾನು ಬರೀಬಾರದಿತ್ತು."

"ನಾನೂ ಹೇಳಬಾರದಿತ್ತು. ಕಿವಿ ಕೆಲಸದೋನು ಬಾಯಿ ಬಿಡಬಾರದಿತ್ತು ಕಣವ್ವ." ನೀರು ಕೇಳಿ ಕುಡಿದು ಹೋದರು. ಆಮೇಲೆ ಅಂಗಡಿಗೆ ಬರಲೇ ಇಲ್ಲ.

ಆ ಬೇಸಿಗೆಯಲ್ಲಿ ನೀಲಿ ತಗಡಿನೊಳಗಿನ ಕಟ್ಟಡದ ಕೆಲಸಕ್ಕೆ ನೀರು ಹೋಗತೊಡಗಿ, ಏರಿನ ನಾಲ್ಕು ಬೀದಿಗಳ ನಲ್ಲಿ ಗಾಳಿ ಉಗುಳತೊಡಗಿತು. ನಮ್ಮ ಮನೆ ತಗ್ಗಿನಲ್ಲಿದೆ, ನಮಗೇನೂ ಕಡಿಮೆಯಾಗಲಿಲ್ಲ. ಜನ ಕಾರಣ ಹುಡುಕಿದರು. ವಾಲ್ವ್ ತೋರಿಸಿದವರು ಯಾರು? ತೆರೆದವರು ಯಾರು? ಕಂಪನಿಯವರಿಂದ ದುಡ್ಡು ತಿಂದಿದ್ದಾನೆ ಎಂಬ ಮಾತು ಹಬ್ಬಿತು. ಯಾರ ಮನೆಯ ಹೆಣಕ್ಕೆ ಅವರು ನೀರು ಬಿಟ್ಟಿದ್ದರೋ ಅವರೇ ನೀರಿನಣ್ಣನ ಮನೆಯ ಮುಂದೆ ಖಾಲಿ ಬಿಂದಿಗೆ ತಂದು ಇಟ್ಟುಹೋದರು. ಆ ವರ್ಷ ಗುತ್ತಿಗೆಯೂ ನವೀಕರಣವಾಗಲಿಲ್ಲ. ಆ ಹೊತ್ತಿನಲ್ಲಿ ಅವರು ಒಂದು ಮಾತು, 'ಬರೆದದ್ದು ಆ ಅಂಗಡಿಯವಳು' ಎಂದು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಏರಿನ ಹೆಂಗಸರು ನನ್ನ ಅಂಗಡಿಗೇ ಬಂದು ಅವರನ್ನು ಶಪಿಸುತ್ತ, ನೀರಿಗಾಗಿ ಅರ್ಜಿ ಬರೆಸಿಕೊಂಡರು. ಬರೆದುಕೊಟ್ಟೆ. ಹೇಡಿ ನಾನು.

ಅವರು ತೀರಿಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೂತಲ್ಲೇ. ಅವರ ಮಗಳು ಹೊಸ ವಾಲ್ವ್‌ಮನ್‌ಗೆ ಫೋನ್ ಮಾಡಿದಳು. ಆತ ಒಳ್ಳೆಯವನೇ, ಸರದಿ ಇಲ್ಲದಿದ್ದರೂ ಓಡಿಬಂದು ತಿರುಗಿಸಿದ. ನೀರು ಏರು ಹತ್ತಲಿಲ್ಲ. ನಾನು ಹೋಗುವಾಗ ಅಂಗಳದ ನಲ್ಲಿಯ ಕೆಳಗೆ ಹಂಡೆ ಇಟ್ಟು ಎಲ್ಲರೂ ಅದನ್ನೇ ನೋಡುತ್ತಿದ್ದರು. ಅದು ಕೆಮ್ಮಿ ಸುಮ್ಮನಾಯಿತು. ಟ್ಯಾಂಕರ್‌ನವನು ಸಂಜೆಗೆ ಅಂದಿದ್ದ.

ನಾನು ಸ್ಕೂಟರಿನಲ್ಲಿ ಮನೆಗೆ ಹೋಗಿ ಕ್ಯಾನು ತುಂಬಿಸಿ ತಂದೆ. ನಾಲ್ಕು ಸಲ ಹೋಗಿ ಬಂದೆ. ಕೊನೆಯ ಕ್ಯಾನು ಇಳಿಸುವಾಗ ಅವರ ಹೆಂಡತಿ ಹತ್ತಿರ ಬಂದರು. ಕಾಲು ಹಿಡಿಯಲು ಬಗ್ಗಿದೆ. "ಅಕ್ಕ, ಅದನ್ನ ಬರೆದಿದ್ದು..." ಅನ್ನುವಷ್ಟರಲ್ಲಿ ಅವರು ನನ್ನ ರಟ್ಟೆ ಹಿಡಿದರು.

"ಗೊತ್ತು. ಆವತ್ತೇ ಹೇಳಿದ್ರು. ಆ ಹೆಣ್ಣಿಗೆ ಅಂಗ್ಡಿ ಬಿಟ್ರೆ ಇನ್ನೇನೈತೆ, ಯಾರಿಗೂ ಹೇಳಬ್ಯಾಡ ಅಂದಿದ್ರು. ನೀರು ಹುಯ್ಯಿ ಬಾ."

ನೀರು ಹುಯ್ದೆ. ಕೆನ್ನೆಯ ಕಲೆಯ ಮೇಲೂ ಹುಯ್ದೆ. ಅದು ಹೋಗಲಿಲ್ಲ.

ಇವತ್ತಿಗೆ ಅವರ ಹನ್ನೊಂದನೇ ದಿನದ ಕಾರ್ಯವೂ ಮುಗಿಯಿತು. ಏರಿನ ಬೀದಿಗಳಲ್ಲಿ ಈಗಲೂ ಅವರನ್ನು ನೀರು ಮಾರಿದವನು ಎಂದೇ ಅನ್ನುತ್ತಾರೆ. ಅವರು ಯಾರಿಗೂ ಹೇಳಬೇಡ ಎಂದದ್ದು ನನ್ನನ್ನು ಉಳಿಸಲು. ಅದರ ಮರೆಯಲ್ಲಿ ನಾನು ಸಾಕಷ್ಟು ದಿನ ಕೂತೆ. ಇದನ್ನೆಲ್ಲ ನಾನೇ ಟೈಪ್ ಮಾಡಿದ್ದೇನೆ, ಕೆಳಗೆ ನನ್ನ ಹೆಸರು, ಅಂಗಡಿಯ ಸೀಲು ಎರಡೂ ಇರುತ್ತವೆ. ನಾಲ್ಕು ಕಾಪಿ ತೆಗೆದಿದ್ದೇನೆ. ಡೇಟಾ ಸೆಂಟರಿನ ನೋಟಿಸ್ ಅಂಟಿಸಿದ್ದ ಕಂಬಗಳ ಮೇಲೇ, ಏರಿನ ಬೀದಿಗೊಂದರಂತೆ, ನಾಳೆ ಬೆಳಿಗ್ಗೆ ಜನ ಬಿಂದಿಗೆ ಹಿಡಿದು ಹೊರಗೆ ನಿಲ್ಲುವ ಹೊತ್ತಿಗೆ ಅಂಟಿಸುತ್ತೇನೆ.