ಸೈಬರ್ ಸೆಂಟರ್ ಅಕ್ಕನ ಅರ್ಧ ಆನೆ

ಚನ್ನಪಟ್ಟಣದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸೈಬರ್ ಸೆಂಟರ್ ಇಟ್ಟಿದ್ದ ಅಕ್ಕ, ನಮ್ಮಂಥ ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲಿ ಚಿತ್ರ ಜೋಡಿಸುವ ಆಟ ಹಾಕಿಕೊಡುತ್ತಿದ್ದಳು. ತುಂಡು ಕೂರದಿದ್ದರೆ ತಲೆಗೊಂದು ಮೊಟಕಿ, "ಒಸಿ ತಿರುಗ್ಸಿ ನೋಡಮ್ಮಿ" ಅನ್ನುವಳು.

ಒಂದು ಭಾನುವಾರ ಮದುವೆಗೆಂದು ಅವಳನ್ನು ನೋಡಲು ಬಿಡದಿಯ ಕಾರ್ಖಾನೆಯೊಂದರ ಸೂಪರ್‌ವೈಸರ್ ಬಂದ. ಒಳಗೆ ಅವಳ ಅವ್ವ ಉಪ್ಪಿಟ್ಟು ಕೆದಕುತ್ತಿದ್ದರು. ಅಷ್ಟರಲ್ಲಿ ಅಕ್ಕ ಕಂಪ್ಯೂಟರ್ ಮುಂದಿದ್ದ ನನ್ನನ್ನು ಎಬ್ಬಿಸಿ, ನಾನು ಅರ್ಧ ಜೋಡಿಸಿದ್ದ ಆನೆಯ ಚಿತ್ರದ ಮುಂದೆ ಅವನನ್ನು ಕೂರಿಸಿದಳು. ಅವನು ಕಿವಿಯ ತುಂಡನ್ನು ತಲೆಕೆಳಗಾಗಿಯೇ ಹತ್ತು ಸಲ ತುರುಕಿದ.

"ಒಸಿ ತಿರುಗ್ಸಿ ನೋಡಣ್ಣ" ಅಂದೆ.

ಅವನು ಮೌಸನ್ನು ಮೇಜಿಗೆ ಕುಟ್ಟಿ, "ಈ ಮೌಸೇ ಸರಿಗಿಲ್ಲ" ಅಂದ.

ಅಕ್ಕ ನಗುತ್ತಲೇ ಒಳಗೆ ಹೋದಳು. ಅವಳ ಮಾತು ನಮಗೂ ಕೇಳಿಸಿತು: "ಉಪ್ಪಿಟ್ಟು ಕೊಟ್ಟು ಕಳ್ಸ್ಬುಡವ್ವ. ಇವತ್ತು ಮೌಸ್ ಸರಿಗಿಲ್ಲ ಅಂದೋನು, ನಾಳೆ ನಾನೇ ಸರಿಗಿಲ್ಲ ಅಂತಾನೆ."