ಹಳೇ ಡ್ರೈವರ್ ತೆಗೆದುಹಾಕಿ

ನಮ್ಮಕ್ಕ ಹುಟ್ಟಿದ್ದೇ ಅನುಮಾನ ಪಡುವುದಕ್ಕೆ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುತ್ತಾಳೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಅನ್ನುತ್ತಾಳೆ. ನಾನು ಹೊಸ ಬಟ್ಟೆ ಹಾಕಿಕೊಂಡು ಅವಳ ಮನೆ ಮುಂದೆ ಹಾದುಹೋದರೆ ಸಾಕು, ಎಲ್ಲಿಗೆ, ಯಾಕೆ, ಯಾರ ಜೊತೆ ಅನ್ನುವುದನ್ನೆಲ್ಲ ಸಂಜೆಯೊಳಗೆ ಬೀದಿಯಲ್ಲಿ ವಿಚಾರಿಸಿ ಮುಗಿಸಿರುತ್ತಾಳೆ. ಅವಳು ಕೆಲಸ ಮಾಡುವ ಸರಕು ಸಾಗಣೆ ಆಫೀಸಿನಲ್ಲಿ ಅವಳಿಗೆ ಸಿಐಡಿ ಅಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅದು ಅವಳಿಗೆ ಗೊತ್ತಿತ್ತು.

ಭಾವ ಅದೇ ಆಫೀಸಿನ ಕಾರಿನ ಡ್ರೈವರ್. ಮನೆಯಲ್ಲಿ ಮಾತಾಡುವ ಕೆಲಸ ಅಕ್ಕ ವಹಿಸಿಕೊಂಡಿದ್ದರಿಂದ ಅವರು ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಬೆಳಿಗ್ಗೆ ಮ್ಯಾನೇಜರ್ ಮಕ್ಕಳನ್ನು ಶಾಲೆಗೆ ಬಿಟ್ಟು, ಆಮೇಲೆ ಮ್ಯಾನೇಜರನ್ನು ಆಫೀಸಿಗೆ ಕರೆತರುತ್ತಿದ್ದರು. ದಾರಿಯಲ್ಲೇ ಸಿಗುತ್ತಾಳೆಂದು ನನ್ನ ಮಗಳನ್ನೂ ಹತ್ತಿಸಿಕೊಳ್ಳುತ್ತಿದ್ದರು. ಮ್ಯಾನೇಜರ್ ಅದಕ್ಕೆ ಬೇಡ ಅಂದವರಲ್ಲ. ಇಷ್ಟು ಒಳ್ಳೆಯವರು ಯಾಕಿದ್ದಾರೆ ಅನ್ನುವುದೇ ಅಕ್ಕನ ಅನುಮಾನ.

ಅಕ್ಕನ ಕೆಲಸ ಫ್ಯಾಕ್ಸ್ ಕಳಿಸುವುದು, ಬಂದ ಫ್ಯಾಕ್ಸ್ ಹಂಚುವುದು. ಕಾಗದ ಇಲ್ಲೇ ಉಳಿದು ಅಲ್ಲಿಗೂ ಹೋಯಿತು ಅಂದರೆ ಅವಳು ಸುಲಭಕ್ಕೆ ನಂಬುವವಳಲ್ಲ. ಕಳಿಸಿದ ಮೇಲೆ ಆ ಕಡೆಯವರಿಗೆ ಫೋನ್ ಮಾಡಿ, "ಮೊದಲನೇ ಸಾಲು ಓದಿ, ಈಗ ಕೊನೇ ಸಾಲು ಓದಿ" ಎಂದು ಓದಿಸುತ್ತಿದ್ದಳು. ಅಂಥವಳ ಆಫೀಸಿಗೆ ಬೀರುವಿನಷ್ಟು ದೊಡ್ಡ ಮೆಷಿನ್ ಬಂತು. ಪ್ರಿಂಟು, ಸ್ಕ್ಯಾನು, ಫ್ಯಾಕ್ಸು ಎಲ್ಲ ಅದೊಂದರಲ್ಲೇ. ಎಲ್ಲರ ಕಂಪ್ಯೂಟರಿನಿಂದಲೂ ಅದಕ್ಕೆ ವೈರು. ಅದರ ಜೊತೆ ಹೊಸ ಮಾತುಗಳೂ ಬಂದವು. ಪ್ರಿಂಟುಗಳು ಕ್ಯೂ ನಿಲ್ಲುತ್ತವಂತೆ. ಹಾಗಾದರೆ ನನಗಿಂತ ಮುಂದೆ ಯಾರದ್ದನ್ನು ನುಗ್ಗಿಸುತ್ತಾರೆ ಎಂದು ಅಕ್ಕ ಕೇಳಿದಳು. ಅದಕ್ಕೆ ಮೆಮೊರಿ ಇದೆಯಂತೆ. ಇಷ್ಟು ದಿನ ಆಫೀಸಿನಲ್ಲಿ ಎಲ್ಲವನ್ನೂ ನೆನಪಿಟ್ಟುಕೊಂಡವಳು ತಾನೊಬ್ಬಳೇ, ಈಗ ಅದಕ್ಕೂ ಪೈಪೋಟಿ ಬಂತಲ್ಲ ಎಂದು ಮೂಗು ಮುರಿದಳು.

ಮೆಷಿನ್ ಜೋಡಿಸಲು ಬಂದವನು ಮ್ಯಾನೇಜರ್ ಜೊತೆ ಮಾತಾಡುತ್ತಿದ್ದಾಗ ಅಕ್ಕ ಫೈಲಿನ ಕಪಾಟಿನ ಹಿಂದೆ ಇದ್ದಳು. ಕೆಲಸವಿತ್ತು ಅನ್ನುತ್ತಾಳೆ. ಇರಲಿ.

"ಹಳೇ ಡ್ರೈವರ್ ತೆಗೆದುಹಾಕ್ಬೇಕು ಸಾರ್. ಅದನ್ನೂ ಇಟ್ಕೊಂಡು ಹೊಸದನ್ನೂ ತಂದ್ರೆ ಎರಡೂ ಕಿತ್ತಾಡ್ತವೆ."

"ಇಷ್ಟು ವರ್ಷ ಚೆನ್ನಾಗೇ ಇತ್ತಲ್ಲ?"

"ಇತ್ತು ಸಾರ್. ಆದ್ರೆ ಈಗೀಗ ಎಲ್ಲೆಂದ್ರಲ್ಲಿ ನಿಂತುಬಿಡುತ್ತೆ. ಹೊಸದು ನನ್ನ ಹತ್ರಾನೇ ಇದೆ."

"ಸರಿ, ಶುಕ್ರವಾರ ತೆಗೆದುಬಿಡಿ. ಯಾರಿಗೂ ಈಗ್ಲೇ ಹೇಳ್ಬೇಡಿ. ಎಲ್ರೂ ಬಂದು ನನ್ನ ತಲೆ ತಿಂತಾರೆ."

ಭಾವನ ಕೆಲಸಕ್ಕೇ ಕುತ್ತು ಬಂತು ಅಂದುಕೊಂಡಳು ಅಕ್ಕ. ಆದರೆ ಕೆಲಸ ಹೋಗುತ್ತದೆ ಅನ್ನುವುದಕ್ಕಿಂತ ಹೆಚ್ಚಾಗಿ ಉರಿದದ್ದು ಇನ್ನೊಂದು ಮಾತಿಗೆ. "ಅದು ಅಂದ್ರು ಕಣೇ! ಕೂದಲು ಹಣ್ಣಾಗೋವರೆಗೂ ದುಡಿದ ಮನುಷ್ಯನ್ನ ಅದು, ಇದು ಅಂತಾರಲ್ಲ! ಕುರ್ಚಿನಾ, ಮೇಜಾ?" ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಕುದಿದಳು. ಮೆಷಿನ್‌ನವನು ತನ್ನ ಕಡೆಯವನನ್ನು ತುರುಕುತ್ತಿದ್ದಾನೆ ಎಂದು ತೀರ್ಮಾನಿಸಿದಳು. ಅಲ್ಲಿಂದ ಮುಂದೆ ಆಫೀಸಿನಲ್ಲಿ ಕಂಡದ್ದೆಲ್ಲ ಸಾಕ್ಷಿಯಾಯಿತು. ಮ್ಯಾನೇಜರ್ ಭಾವನನ್ನು "ಊಟ ಆಯ್ತಾ?" ಎಂದು ಕೇಳಿದರು, ಕಳಿಸುವ ಮುಂಚಿನ ಮರ್ಯಾದೆ. ಮೆಷಿನ್‌ನವನು ಪೆಟ್ಟಿಗೆ ಇಳಿಸಿಕೊಳ್ಳಲು ಕಾರಿನ ಕೀ ಕೇಳಿದ, ಅಂದರೆ ಗಾಡಿ ನೋಡಿಕೊಳ್ಳುತ್ತಿದ್ದಾನೆ. ನಾನೂ ನಂಬಿದೆ. ಡ್ರೈವರ್ ಅಂದರೆ ನನಗೂ ಭಾವನೇ.

ಗುರುವಾರ ಸಂಜೆ ಅವಳಿಗೆ ತಡೆಯಲಾಗಲಿಲ್ಲ. ನಾನು ಅಲ್ಲೇ ಇದ್ದೆ. ಭಾವ ಟೀ ಕುಡಿಯುತ್ತಿದ್ದರು.

"ರೀ, ನಿಮ್ಮನ್ನ ತೆಗೀತಾರಂತೆ ನಾಳೆ. ನನ್ನ ಕಿವಿಯಾರೆ ಕೇಳಿದೀನಿ."

ಭಾವ ಸಿಡಿಯುತ್ತಾರೆ, ಇಲ್ಲವೇ ನಿನಗೇನು ಹುಚ್ಚಾ ಅನ್ನುತ್ತಾರೆ ಅಂದುಕೊಂಡೆ. ಅವರು ಲೋಟ ಕೆಳಗಿಟ್ಟು ತುಂಬಾ ಮೆಲ್ಲಗೆ ಕೇಳಿದರು. "ಅವ್ರಿಗೆ ಹೇಗೆ ಗೊತ್ತಾಯ್ತು?"

"ಏನು ಗೊತ್ತಾಯ್ತು?"

ಅವರು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು. "ಇದರಲ್ಲಿ ಏನೂ ಕಾಣಲ್ಲ. ಹೋದ ವರ್ಷದಿಂದ. ಆ ಕಡೆಯಿಂದ ಬರೋ ಗಾಡೀನ ಶಬ್ದದ ಮೇಲೆ ತಿಳ್ಕೋತೀನಿ."

ಪಕ್ಕದ ಬೀದಿಯ ಗುಟ್ಟನ್ನೆಲ್ಲ ಹೆಕ್ಕಿ ತರುವ ನಮ್ಮಕ್ಕನಿಗೆ ಪಕ್ಕದಲ್ಲಿ ಮಲಗಿದವರ ಕಣ್ಣು ಹೋದದ್ದು ತಿಳಿದಿರಲಿಲ್ಲ. ನನಗೆ ಅವಳ ಮೇಲೆ ಕನಿಕರ ಬಂತು. ಭಾವನ ಮೇಲೆ ಮಾತ್ರ ಮೈಯೆಲ್ಲ ಉರಿಯುವಷ್ಟು ಕೋಪ ಬಂತು. ಒಂದು ವರ್ಷ ನನ್ನ ಮಗಳು ಆ ಕಾರಿನಲ್ಲಿ ಹೋಗಿ ಬಂದಿದ್ದಾಳೆ. ಮರುದಿನ ಬೆಳಿಗ್ಗೆ ಅವಳ ಕೈ ಹಿಡಿದು ಶಾಲೆಗೆ ನಾನೇ ನಡೆಸಿಕೊಂಡು ಹೊರಟೆ. ಭಾವ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ನಾನು ತಿರುಗಿ ನೋಡಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಅವಳು ಆಫೀಸಿಗೆ ಹೋದದ್ದು ಜಗಳಕ್ಕಲ್ಲ, ಬೇಡಿಕೊಳ್ಳುವುದಕ್ಕೆ. ತೆಗೆಯುವುದೇ ಆದರೆ ಗೋಡೌನಿನಲ್ಲಾದರೂ ಒಂದು ಕೆಲಸ ಕೊಡಿ ಎಂದು ಕೇಳುವುದಕ್ಕೆ. ಮ್ಯಾನೇಜರ್ ಮೆಷಿನ್ ಮುಂದೆ ನಿಂತಿದ್ದರು.

"ಸಾರ್, ಡ್ರೈವರ್‌ನ ತೆಗೀತೀರಂತೆ."

"ಈಗ ತಾನೇ ತೆಗೆದ್ರು ನೋಡಿಮ್ಮ! ಹೊಸದು ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ" ಎಂದು ಬಿಸಿಬಿಸಿ ಕಾಗದವೊಂದನ್ನು ಅವಳ ಕೈಗೆ ಕೊಟ್ಟರು.

ಕಿಟಕಿಯಾಚೆ ಭಾವ ಕಾರಿನ ಗಾಜು ಒರೆಸುತ್ತಿದ್ದರು. ಅಕ್ಕ ಅವರನ್ನೂ ಕಾಗದವನ್ನೂ ನೋಡಿದ ರೀತಿಗೆ ಮೆಷಿನ್‌ನವನಿಗೆ ವಿಷಯ ಹೊಳೆದು ನಗು ತಡೆಯಲಾಗಲಿಲ್ಲ. ಡ್ರೈವರ್ ಅಂದರೆ ಕಂಪ್ಯೂಟರಿನೊಳಗೆ ಹಾಕುವ ಒಂದು ಪ್ರೋಗ್ರಾಂ, ಕಂಪ್ಯೂಟರಿನ ಮಾತು ಪ್ರಿಂಟರಿಗೆ ಅರ್ಥವಾಗುವುದು ಅದರಿಂದಲೇ ಎಂದು ಬಿಡಿಸಿ ಹೇಳಿದ. ಮ್ಯಾನೇಜರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಯ್ಯೋ ಅಮ್ಮ, ನಿಮ್ಮ ಯಜಮಾನ್ರನ್ನ ತೆಗೀತೀವಾ? ಅವ್ರಿದ್ರೆ ನಾನು ಆ ಗಾಡೀಲಿ ಕಣ್ಮುಚ್ಚಿ ಕೂತ್ಕೋತೀನಿ."

ಆಫೀಸೆಲ್ಲ ನಗುತ್ತಿತ್ತು. ಅಕ್ಕನೂ ನಕ್ಕುಬಿಡಬಹುದಿತ್ತು. ಕೆಲಸ ಉಳಿದಿತ್ತು, ಯಾರಿಗೂ ಯಾವ ಅನುಮಾನವೂ ಇರಲಿಲ್ಲ. ಅವಳು ಕಾಗದವನ್ನು ಮೆಷಿನ್ ಮೇಲಿಟ್ಟಳು.

"ಕಣ್ಮುಚ್ಚಿ ಕೂತ್ಕೋಬೇಡಿ ಸಾರ್. ಅವರಿಗೆ ಎಡಗಣ್ಣು ಕಾಣಲ್ಲ."

ಮಧ್ಯಾಹ್ನದೊಳಗೆ ಕಾರಿನ ಕೀ ಮ್ಯಾನೇಜರ್ ಮೇಜಿನ ಮೇಲಿತ್ತು. ಭಾವನನ್ನು ಗೋಡೌನಿನ ಗೇಟಿಗೆ ಹಾಕಿದರು. ಅವರು ಯಾರ ಮೇಲೂ ಕೂಗಾಡಲಿಲ್ಲ. ಸುದ್ದಿ ತಿಳಿದು ಸಂಜೆ ನಾನೂ ಆಫೀಸಿನ ಹತ್ತಿರ ಹೋಗಿದ್ದೆ. ಮೂವರೂ ಮನೆಗೆ ನಡೆದು ಬರುವಾಗ ಭಾವ ಒಂದೇ ಒಂದು ಪ್ರಶ್ನೆ ಕೇಳಿದರು.

"ಅವ್ರು ಕೇಳಿದ್ರಾ, ನೀನಾಗೇ ಹೇಳಿದ್ಯಾ?"

"ನಾನಾಗೇ ಹೇಳ್ದೆ" ಅಂದಳು ಅಕ್ಕ.

ಅವರು ನಡೆಯುತ್ತಲೇ ಇದ್ದರು. ಎಡಗಡೆಯಿಂದ ಲಾರಿಗಳು ಉಜ್ಜಿಕೊಂಡೇ ಹೋಗುತ್ತಿದ್ದವು. ಅಕ್ಕ ಹಿಂದಿನಿಂದ ಸುತ್ತಿಬಂದು ಅವರ ಎಡಕ್ಕೆ ನಡೆಯತೊಡಗಿದಳು. ಭಾವ ತಟ್ಟನೆ ನಿಂತರು.

"ಆ ಕಡೆ ಬರ್ಬೇಡ. ಅಲ್ಲಿದ್ರೆ ನೀನು ಏನು ಮಾಡ್ತೀಯೋ ನನಗೆ ಕಾಣಲ್ಲ."

ಅಕ್ಕ ಬಲಕ್ಕೆ ಬಂದಳು. ಎಡಗಡೆಗೆ ನಾನು ಹೋದೆ.